ಪೆರಿಸ್ಕೋಪ್ ಲೇಖನ ಕಳಿಸಿದವರಿಗೆ

ಡೊಂಬಿವಿಲಿಯ ಬರಹಗಾರ್ತಿಯವರೇ,

'ಪೆರಿಸ್ಕೋಪ್ ಎಂಬ ಮಾಯಾಕಣ್ಣು' ಓದಿದೆ. ಭಾಷೆ ಸರಾಗವಾಗಿದೆ, ಕಾಗುಣಿತ ತಪ್ಪಿಲ್ಲ. ಮುಂಬೈಯ ಲಾಲ್‌ಬಾಗ್‌ನ ಗಣಪತಿ ಮೆರವಣಿಗೆಯಲ್ಲಿ ಹುಡುಗನೊಬ್ಬ ರಟ್ಟಿನ ಪೆರಿಸ್ಕೋಪ್ (ಮೇಲೊಂದು ಕೆಳಗೊಂದು ಕನ್ನಡಿಯಿರುವ ಕೊಳವೆ) ಎತ್ತಿ ಹಿಡಿದು, ಜನರ ತಲೆ ಮೇಲಿಂದ ಗಣಪತಿಯನ್ನು ನೋಡಿದ್ದು ಚೆನ್ನಾಗಿದೆ. ಆದರೆ ಎರಡು ಸಾಲು ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

'ಮೇಲಿನ ಕನ್ನಡಿಯಲ್ಲಿ ತಲೆಕೆಳಗಾದ ಬಿಂಬವನ್ನು ಕೆಳಗಿನ ಕನ್ನಡಿ ನೆಟ್ಟಗೆ ಮಾಡುತ್ತದೆ' ಎಂದಿದ್ದೀರಿ. ಹಾಗಲ್ಲ. ಮೇಲಿನ ಕನ್ನಡಿ 45 ಡಿಗ್ರಿ ಓರೆಯಾಗಿ ಕೂತು, ಎದುರಿನಿಂದ ಬಂದ ಬೆಳಕನ್ನು ಕೊಳವೆಯೊಳಗೆ ಕೆಳಕ್ಕೆ ಕಳಿಸುತ್ತದೆ. ಕೆಳಗಿನದೂ ಅಷ್ಟೇ ಓರೆ, ಮೇಲಿನದಕ್ಕೆ ಸಮಾನಾಂತರ. ಅದು ಬೆಳಕನ್ನು ಕಣ್ಣಿನ ಕಡೆ ತಿರುಗಿಸುತ್ತದೆ. ಒಂದೇ ಕನ್ನಡಿಯಲ್ಲಿ ಬಸ್ಸಿನ ಬೋರ್ಡು ನೋಡಿದರೆ ಅಕ್ಷರದ ಎಡಬಲ ಅದಲುಬದಲಾಗಿರುತ್ತದೆ. ಎರಡನೆಯದು ಇನ್ನೊಮ್ಮೆ ಅದಲುಬದಲು ಮಾಡುವುದರಿಂದ ಓದಲು ಬರುತ್ತದೆ. ತಲೆಕೆಳಗಾಗುವುದು ಯಾವಾಗ ಗೊತ್ತಾ? ಕೆಳಗಿನ ಕನ್ನಡಿಯನ್ನು ತಿರುಗಿಸಿಟ್ಟು ಬೆನ್ನ ಹಿಂದಿನದನ್ನು ನೋಡಿದಾಗ! ಆ ಹುಡುಗನ ಕೈಯಿಂದ ಅದನ್ನು ಒಂದು ನಿಮಿಷ ಈಸಿಕೊಂಡು ನೋಡಿದ್ದರೆ ಈ ಸಾಲು ಬರೆಯುತ್ತಿರಲಿಲ್ಲ, ಅಲ್ವಾ?

ಇನ್ನೊಂದು: 'ಕೊಳವೆ ಎಷ್ಟೇ ಉದ್ದವಿರಲಿ, ಸಾಗರದಾಳದಿಂದಲೂ ಇಡೀ ಲೋಕ ಕಾಣುತ್ತದೆ.' ಕೊಳವೆಯ ತುದಿ ನೀರಿನಿಂದ ಮೇಲೆ ಬರಲೇಬೇಕು. ಅದಕ್ಕೇ ಜಲಾಂತರ್ಗಾಮಿ ಆಳ ಬಿಟ್ಟು ಮೇಲ್ಮೈ ಹತ್ತಿರ ಬರುತ್ತದೆ. ಇನ್ನು 'ಇಡೀ ಲೋಕ'. 5 ಸೆಂಟಿಮೀಟರ್ ಅಗಲದ ಬರೀ ಕನ್ನಡಿಯ ಕೊಳವೆಯನ್ನು 10 ಮೀಟರ್ ಉದ್ದ ಮಾಡಿದರೆ ಹುಣ್ಣಿಮೆ ಚಂದ್ರನೂ ಪೂರ್ತಿ ಹಿಡಿಸುವುದಿಲ್ಲ. ಕೊಳವೆ ಉದ್ದವಾದಷ್ಟೂ ನೋಟ ಕಿರಿದು. ಅದಕ್ಕಾಗಿ ನಡುನಡುವೆ ಮಸೂರಗಳನ್ನು ಕೂರಿಸಿ ದೃಶ್ಯವನ್ನು ಹಂತಹಂತವಾಗಿ ಕೆಳಗೆ ದಾಟಿಸುತ್ತಾರೆ. ಕನ್ನಡಿಯ ಜಾಗದಲ್ಲಿ ಗಾಜಿನ ಪಟ್ಟಕ (ಪ್ರಿಸಂ) ಇಡುತ್ತಾರೆ. ಇಡೀ ವಿಷಯದ ಸೊಗಸು ಇಲ್ಲಿದೆ, ನೀವು ಸುಮ್ನೆ ದಾಟಿಬಿಟ್ಟಿದ್ದೀರಿ. ಮಜಗಾಂವ್ ಡಾಕ್‌ನಲ್ಲಿ ಕಟ್ಟಿದ ಕಲ್ವರಿ ಜಲಾಂತರ್ಗಾಮಿ 2017ರ ಡಿಸೆಂಬರ್ 14ರಂದು ನೌಕಾಪಡೆ ಸೇರಿದ್ದನ್ನು ಸರಿಯಾಗಿ ಬರೆದಿದ್ದೀರಿ. ಕೊಳವೆಯೊಳಗೆ ಮಾತ್ರ ಇಣುಕಿಲ್ಲ.

ನಾನೂ ಹೀಗೇ ಬರೆದವನು. ಆಗ ಹಗಲು ಮುಂಬೈಯ ಫೋರ್ಟ್‌ನ ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿಶಾಲೆ. ಸಮುದ್ರದ ಉಬ್ಬರ ಇಳಿತದ ಬಗ್ಗೆ ಪುಸ್ತಕ ನೋಡಿ ನಾಲ್ಕು ಪುಟ ಬರೆದು ಒಬ್ಬ ಸಂಪಾದಕರಿಗೆ ಕೊಟ್ಟೆ. ಅವರು ಓದಿ ಒಂದೇ ಪ್ರಶ್ನೆ ಕೇಳಿದರು: "ನಿನ್ನೆ ಗೇಟ್‌ವೇ ಆಫ್ ಇಂಡಿಯಾ ಹತ್ತಿರ ನೀರು ಎಷ್ಟನೇ ಮೆಟ್ಟಿಲವರೆಗೆ ಬಂದಿತ್ತು?" ಹತ್ತು ನಿಮಿಷದ ದಾರಿ. ನಾನು ಒಮ್ಮೆಯೂ ಎಣಿಸಿರಲಿಲ್ಲ. ಆಮೇಲೆ ಹದಿನೈದು ದಿನ ಕೆಲಸಕ್ಕೆ ಮುಂಚೆ ಹೋಗಿ ಮೆಟ್ಟಿಲು ಎಣಿಸಿದೆ. ದಿನಾ ಒಂದೇ ಹೊತ್ತಿಗೆ ಹೋದರೂ ನೀರು ಒಂದೇ ಮೆಟ್ಟಿಲಲ್ಲಿ ಇರುತ್ತಿರಲಿಲ್ಲ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆಂದು ಪುಸ್ತಕದಲ್ಲಿ ಓದಿದ್ದೆ, ಅರ್ಥವಾದದ್ದು ಆ ಮೆಟ್ಟಿಲ ಮೇಲೆ.

ಎರಡು ಅಗರಬತ್ತಿ ಡಬ್ಬ ಜೋಡಿಸಿ ಒಂದು ಪೆರಿಸ್ಕೋಪ್ ಮಾಡಿ. ಮನೆಯ ಕಿಟಕಿಯಿಂದ ರಸ್ತೆ ನೋಡಿ. ಮತ್ತೊಂದು ಡಬ್ಬ ಸೇರಿಸಿ ಉದ್ದ ಮಾಡಿ, ಎಷ್ಟು ಜಾಸ್ತಿ ಮರೆಯಾಯಿತು ಬರೆದುಕೊಳ್ಳಿ. ಲೇಖನ ಲಾಲ್‌ಬಾಗ್‌ನ ಹುಡುಗನಿಂದಲೇ ಶುರುವಾಗಲಿ. ದೀಪಾವಳಿ ಸಂಚಿಕೆಯಲ್ಲಿ ಎರಡು ಪುಟ ಇಟ್ಟಿರುತ್ತೇನೆ. ಕನ್ನಡಿ ತುಂಡಿನ ಅಂಚಿಗೆ ಮೊದಲು ಟೇಪ್ ಸುತ್ತಿ, ಕೈ ಕೊಯ್ಯುತ್ತದೆ.