ಪಾಯಿಂಟ್‌ನಲ್ಲಿ ಕಾಶಿಗೆ ಹೋಗಬಹುದೇ? ಹೋಗಿ ಬಂದವನ ಲೆಕ್ಕ

ನೀವು ಕೇಳಿರುವುದು ಇಷ್ಟು: ಊರು ಶಿಡ್ಲಘಟ್ಟ, ದೇವನಹಳ್ಳಿ ಬಳಿಯ ಕಂಪನಿಯಲ್ಲಿ ಕೆಲಸ, ಸಂಬಳ 28,000. ಕ್ರೆಡಿಟ್ ಕಾರ್ಡಿನಲ್ಲಿ ಖರ್ಚು ಮಾಡಿದ್ದಕ್ಕೆ ಬ್ಯಾಂಕು ಕೊಡುವ ಪಾಯಿಂಟ್ ಕೂಡಿಸಿ ತಂದೆ ತಾಯಿಯನ್ನು ಪುಕ್ಕಟೆಯಾಗಿ ವಿಮಾನದಲ್ಲಿ ಕಾಶಿಗೆ ಕರೆದುಕೊಂಡು ಹೋಗಬಹುದು ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ, ಇದು ನಿಜವೇ, ಯಾವ ಕಾರ್ಡ್ ತೆಗೆದುಕೊಳ್ಳಲಿ?

ಪುಕ್ಕಟೆ ಅಲ್ಲ. ನಾನು ಚಿಕ್ಕಬಳ್ಳಾಪುರದವನು, ನನ್ನ ತಾಯಿಯನ್ನು ಹೀಗೆಯೇ ಕರೆದುಕೊಂಡು ಹೋಗಿ ಬಂದಿದ್ದೇನೆ. ಒಂದೂವರೆ ವರ್ಷ ಪಾಯಿಂಟ್ ಕೂಡಿಸಿದ ಮೇಲೆ ನನಗೆ ದಕ್ಕಿದ್ದು ಹೋಗುವಾಗಿನ ಟಿಕೆಟ್ಟಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಬರುವಾಗ ರೈಲು, ಅದು ಪೂರ್ತಿ ಕೈಯಿಂದ. ಆ ಅರ್ಧದಲ್ಲಿಯೂ ಮುಕ್ಕಾಲು ಪಾಲನ್ನು ನನ್ನದೇ ದಡ್ಡತನದಿಂದ ಬ್ಯಾಂಕಿಗೆ ಹಿಂದಿರುಗಿಸಿದ್ದೆ, ಆ ಕಥೆ ಮುಂದೆ ಬರುತ್ತದೆ.

ನಾನು ಗೊಬ್ಬರ, ಬೀಜ, ಔಷಧಿ ಮಾರುವ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಹಾಗಾಗಿ ಕಾರ್ಡಿನ ಎರಡೂ ಮಗ್ಗುಲನ್ನು ದಿನವೂ ನೋಡುತ್ತೇನೆ. ದ್ರಾಕ್ಷಿ ತೋಟದವರೊಬ್ಬರು ಬಂದು 10,000 ರೂಪಾಯಿಯ ಔಷಧಿ ತೆಗೆದುಕೊಂಡು ಕ್ರೆಡಿಟ್ ಕಾರ್ಡ್ ಉಜ್ಜಿದರು ಎನ್ನಿ. ಮರುದಿನ ಅಂಗಡಿಯ ಖಾತೆಗೆ ಬೀಳುವುದು 9,787 ರೂಪಾಯಿ 60 ಪೈಸೆ. ಶೇ 1.8ರಂತೆ 180 ರೂಪಾಯಿ ಬ್ಯಾಂಕ್ ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ 32 ರೂಪಾಯಿ 40 ಪೈಸೆ. ಇದು ನಮ್ಮ ಅಂಗಡಿಯ ದರ, ಒಂದೊಂದು ಅಂಗಡಿಗೆ ಒಂದೊಂದು ಇರುತ್ತದೆ. ಈ 180ರಲ್ಲಿ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ, ಅದರಲ್ಲೊಂದು ಚೂರು ತೋಟದವರಿಗೆ ಪಾಯಿಂಟ್ ಆಗಿ ಮರಳುತ್ತದೆ. ಪಾಯಿಂಟ್ ಆಕಾಶದಿಂದ ಉದುರುವುದಿಲ್ಲ, ಅಂಗಡಿಯವನ ಗಲ್ಲಾಪೆಟ್ಟಿಗೆಯಿಂದ ಹೊರಟು ಬರುತ್ತದೆ. ಅದಕ್ಕೇ ಸಣ್ಣ ಅಂಗಡಿಯವರು ‘ಕಾರ್ಡ್ ಆದರೆ ಎರಡು ಪರ್ಸೆಂಟ್ ಹೆಚ್ಚಿಗೆ ಕೊಡಿ’ ಎನ್ನುತ್ತಾರೆ. ಆ ಎರಡು ಕೊಟ್ಟು ಒಂದು ಗಳಿಸುವವರನ್ನು ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ನಮ್ಮ ಮಾಲೀಕರ ಗಿರಾಕಿಗಳು ಅವರು.

ಪಾಯಿಂಟ್‌ಗೆ ಹಣ ಬರುವ ಇನ್ನೊಂದು ಬಾಗಿಲು ಬಡ್ಡಿ. ಬಿಲ್ಲನ್ನು ಪೂರ್ತಿ ಕಟ್ಟದೆ ಉಳಿಸಿಕೊಂಡವರು ತಿಂಗಳಿಗೆ ಶೇ 3.5ರ ಆಸುಪಾಸಿನ ಬಡ್ಡಿ ಕೊಡುತ್ತಾರೆ, ವರ್ಷಕ್ಕೆ ಶೇ 42. ನಮ್ಮ ಕಡೆ ಮೀಟರ್ ಬಡ್ಡಿ ಎಂದರೆ ಜನ ಹೆದರುತ್ತಾರೆ. ಇದು ಅದರ ತಮ್ಮನೇ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದೆ, ಅಷ್ಟೆ.

ನೀವು ನೋಡಿರುವ ವಿಡಿಯೊಗಳಲ್ಲಿ ಬಹುಪಾಲು ಅಮೆರಿಕದ ಆಟವನ್ನು ನೋಡಿ ಕಲಿತವು. ಅಲ್ಲಿ ಒಂದು ಕಾರ್ಡ್ ತೆಗೆದುಕೊಂಡು ಮೂರು ತಿಂಗಳಲ್ಲಿ ಕೆಲವು ಸಾವಿರ ಡಾಲರ್ ಖರ್ಚು ಮಾಡಿದರೆ 60,000, 75,000 ಪಾಯಿಂಟ್ ಒಂದೇ ಸಲಕ್ಕೆ ಸುರಿಯುತ್ತಾರೆ. ಒಂದಾದ ಮೇಲೊಂದು ಕಾರ್ಡ್ ತೆಗೆದುಕೊಂಡು ಆ ಸ್ವಾಗತದ ಉಡುಗೊರೆಯಲ್ಲೇ ಊರೂರು ಸುತ್ತುವವರು ಅಲ್ಲಿದ್ದಾರೆ. ಅಂಗಡಿಯವರಿಂದ ಹಿಡಿದುಕೊಳ್ಳುವ ಶುಲ್ಕ ಅಲ್ಲಿ ಹೆಚ್ಚು, ಆದ್ದರಿಂದ ಹಂಚಲು ಹಣವಿದೆ. ಯುರೋಪಿನಲ್ಲಿ 2015ರಲ್ಲಿ ಕ್ರೆಡಿಟ್ ಕಾರ್ಡಿಗೆ ಬ್ಯಾಂಕುಗಳು ಪಡೆಯುವ ಪಾಲನ್ನು ಶೇ 0.3ಕ್ಕೆ ಕಟ್ಟಿಹಾಕಿದರು, ಅಲ್ಲಿ ಈ ಆಟಕ್ಕೆ ಕಸುವೇ ಉಳಿಯಲಿಲ್ಲ. ನಮ್ಮಲ್ಲಿ ಸ್ವಾಗತದ ಪಾಯಿಂಟ್ ಇರುತ್ತದೆ, ಆದರೆ ಮೊದಲ ಕಾರ್ಡ್ ತೆಗೆದುಕೊಳ್ಳುವವರಿಗೆ ಸಿಗುವುದು ಸಾಮಾನ್ಯವಾಗಿ ಎರಡು, ಮೂರು ಸಾವಿರ ಪಾಯಿಂಟ್.

ಈಗ ನನ್ನ ಲೆಕ್ಕ. ನಮ್ಮದು ಕೂಡು ಕುಟುಂಬ, ಮನೆಯಲ್ಲಿ ಏಳು ಜನ. ದಿನಸಿ, ಔಷಧಿ, ಬಟ್ಟೆ, ಗ್ಯಾಸ್, ಮೊಬೈಲ್ ಎಲ್ಲವನ್ನೂ ಒಂದೇ ಕಾರ್ಡಿಗೆ ತಂದಾಗ ತಿಂಗಳಿಗೆ 25,000 ಆಯಿತು. 100 ರೂಪಾಯಿಗೆ 2 ಪಾಯಿಂಟ್. ಹದಿನೆಂಟು ತಿಂಗಳಿಗೆ 9,000. ಕಾರ್ಡ್ ತೆಗೆದುಕೊಂಡಾಗ ಬಂದದ್ದು 3,000. ಹಬ್ಬದ ಸಮಯದ ಕೊಡುಗೆಗಳಿಂದ 660. ಒಂದು ಟಿವಿಯಿಂದ 840. ಒಟ್ಟು 13,500.

ಪಾಯಿಂಟ್‌ಗೆ ಇಷ್ಟೇ ಬೆಲೆ ಎಂದು ಹಣೆಯಲ್ಲಿ ಬರೆದಿಲ್ಲ. ಅದೇ ನನ್ನ ಪಾಯಿಂಟನ್ನು ಬಿಲ್ಲಿಗೆ ಜಮಾ ಮಾಡಿಸಿಕೊಂಡರೆ ಒಂದಕ್ಕೆ 25 ಪೈಸೆ. ಬ್ಯಾಂಕಿನ ಉಡುಗೊರೆ ಪಟ್ಟಿಯಿಂದ ಕುಕ್ಕರ್, ಸೂಟ್‌ಕೇಸ್ ತರಿಸಿಕೊಂಡರೆ ಅದಕ್ಕಿಂತ ಕಡಿಮೆಯೇ, ಏಕೆಂದರೆ ಆ ಪಟ್ಟಿಯಲ್ಲಿರುವ ಕುಕ್ಕರಿನ ಬೆಲೆ ಬಿ.ಬಿ. ರಸ್ತೆಯ ಪಾತ್ರೆ ಅಂಗಡಿಗಿಂತ ಜಾಸ್ತಿ. ಬ್ಯಾಂಕಿನ ಪ್ರಯಾಣದ ಜಾಲತಾಣದಲ್ಲಿ ವಿಮಾನದ ಟಿಕೆಟ್ ತೆಗೆದರೆ 50 ಪೈಸೆ. ಕೆಲವು ಕಾರ್ಡುಗಳಲ್ಲಿ ಪಾಯಿಂಟನ್ನು ವಿಮಾನ ಕಂಪನಿಯ ಮೈಲಿಗಳಾಗಿ, ಅಂದರೆ ಆ ಕಂಪನಿಯದೇ ಪಾಯಿಂಟುಗಳಾಗಿ ಬದಲಾಯಿಸಬಹುದು. ಪಳಗಿದವರು ಅಲ್ಲಿ ಒಂದು ರೂಪಾಯಿ, ಅದಕ್ಕಿಂತ ಹೆಚ್ಚನ್ನೂ ಹಿಂಡುತ್ತಾರೆ. ಆದರೆ ಮೈಲಿಗೆ ಕೊಡುವ ಸೀಟುಗಳು ನಮಗೆ ಬೇಕಾದ ದಿನ ಸಿಗುವುದಿಲ್ಲ, ಸಿಕ್ಕರೂ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನು ಕೈಯಿಂದ ಕಟ್ಟಬೇಕು. ‘ಉಚಿತ ಟಿಕೆಟ್’ ಎನ್ನುವವರು ಆ ಸಾಲನ್ನು ಪರದೆಯ ಮೇಲೆ ತೋರಿಸುವುದಿಲ್ಲ.

ನಾನು 50 ಪೈಸೆಯ ದಾರಿ ಹಿಡಿದೆ. ಬೆಂಗಳೂರಿನಿಂದ ವಾರಾಣಸಿಗೆ ಆ ದಿನ ತಲೆಗೆ 6,100, ಇಬ್ಬರಿಗೆ 12,200. ಪಾಯಿಂಟ್‌ನಿಂದ 6,750 ಕಳೆಯಿತು, 5,450 ಕೈಯಿಂದ ಹೋಯಿತು. ಜತೆಗೆ ಪಾಯಿಂಟ್ ಬಳಸಿದ್ದಕ್ಕೇ 99 ರೂಪಾಯಿ ಶುಲ್ಕ, ಅದಕ್ಕೂ ಜಿಎಸ್‌ಟಿ. ಕಾರ್ಡಿನ ವಾರ್ಷಿಕ ಶುಲ್ಕ 1,000, ಜಿಎಸ್‌ಟಿ ಸೇರಿ 1,180. ವರ್ಷಕ್ಕೆ 2 ಲಕ್ಷ ದಾಟಿದರೆ ಮನ್ನಾ ಎಂದಿತ್ತು, ದಾಟಿದ್ದರಿಂದ ಅದು ಉಳಿಯಿತು.

ಇನ್ನು ಆ 840 ಪಾಯಿಂಟಿನ ಟಿವಿ. ನನ್ನ ಭಾವಮೈದುನ ಸಂಕ್ರಾಂತಿಗೆ 42,000 ರೂಪಾಯಿಯ ಟಿವಿ ತೆಗೆಯಬೇಕೆಂದಿದ್ದ. ‘ನಿಮ್ಮ ಕಾರ್ಡಿನಲ್ಲಿ ತೆಗೆಯಿರಿ ಭಾವ, ದ್ರಾಕ್ಷಿ ದುಡ್ಡು ಬಂದ ತಕ್ಷಣ ಕೊಡುತ್ತೇನೆ’ ಎಂದ. ಪಾಯಿಂಟಿನ ಆಸೆ ನನಗೂ ಇತ್ತು, ಸುಳ್ಳೇಕೆ ಹೇಳಲಿ. ನನ್ನ ಬಿಲ್ ಪ್ರತಿ 12ಕ್ಕೆ ಬರುತ್ತದೆ. ಜನವರಿ 14ಕ್ಕೆ ಉಜ್ಜಿದರೆ ಫೆಬ್ರುವರಿ 12ರ ಬಿಲ್ಲಿಗೆ ಬಂದು ಮಾರ್ಚ್ 4ರವರೆಗೆ ಸಮಯ. ಬಹಳ ಜಾಣನೆಂದುಕೊಂಡೆ. ಮಾರ್ಚ್ 4 ಬಂತು, ದ್ರಾಕ್ಷಿ ದುಡ್ಡು ಬರಲಿಲ್ಲ. ತೋಟ ಕೊಂಡಿದ್ದ ವ್ಯಾಪಾರಿ ಇಂದು, ನಾಳೆ ಎನ್ನುತ್ತಿದ್ದ. ನಾನು ನನ್ನ ಪಾಲಿನ 25,000 ಕಟ್ಟಿ, ಟಿವಿಯದನ್ನು ಮಾತ್ರ ಉಳಿಸಿ, ‘ಹದಿನಾರು ದಿನಕ್ಕೆ ಎಷ್ಟು ಬಡ್ಡಿ ಬಿದ್ದೀತು’ ಎಂದು ಸುಮ್ಮನಾದೆ. ದುಡ್ಡು ಮಾರ್ಚ್ 20ಕ್ಕೆ ಬಂತು, ಅದೇ ದಿನ ಕಟ್ಟಿದೆ.

ಬಡ್ಡಿ ಹಾಕಿದ್ದು ಹದಿನಾರು ದಿನಕ್ಕಲ್ಲ, ಜನವರಿ 14ರಿಂದ 65 ದಿನಕ್ಕೆ. ಒಮ್ಮೆ ಪೂರ್ತಿ ಕಟ್ಟದಿದ್ದರೆ ಬಡ್ಡಿಯಿಲ್ಲದ ಅವಧಿ ಎನ್ನುವುದೇ ಮಾಯ. ಟಿವಿಗೆ ಮಾತ್ರವಲ್ಲ, ನಾನು ಕಟ್ಟಿಬಿಟ್ಟಿದ್ದ 25,000ದ ದಿನಸಿ, ಔಷಧಿಗೂ ಅವುಗಳನ್ನು ಕೊಂಡ ದಿನದಿಂದ ಬಡ್ಡಿ. ಆ ತಿಂಗಳ ಹೊಸ ಖರ್ಚಿಗೂ ಉಜ್ಜಿದ ದಿನದಿಂದಲೇ. 4,410 ರೂಪಾಯಿ ಬಡ್ಡಿ, ಜಿಎಸ್‌ಟಿ ಸೇರಿ 5,204. ಟಿವಿಯಿಂದ ಬಂದ 840 ಪಾಯಿಂಟಿನ ಬೆಲೆ 420. ಭಾವಮೈದುನನ ಬಳಿ ಬಡ್ಡಿ ಕೇಳುವುದು ಹೇಗೆ? ಹೆಂಡತಿಗೂ ಹೇಳಿರಲಿಲ್ಲ. 6,750ರಲ್ಲಿ 5,204 ಕಳೆದರೆ 1,546. ಹದಿನೆಂಟು ತಿಂಗಳು ಪ್ರತಿ ಅಂಗಡಿಯಲ್ಲೂ ‘ಕಾರ್ಡ್ ತೆಗೆದುಕೊಳ್ಳುತ್ತೀರಾ’ ಎಂದು ಕೇಳಿ ಕೂಡಿಸಿದ ನಿವ್ವಳ ಇಷ್ಟು.

ಬೇರೆಯವರ ಖರೀದಿಗೆ ಕಾರ್ಡ್ ಕೊಡುವ ಅಭ್ಯಾಸಕ್ಕೆ ಇನ್ನೊಂದು ತೊಡಕೂ ಇದೆ. ಅವರು ನಗದು ಕೊಡುತ್ತಾರೆ, ನಾವು ಅದನ್ನೇ ಒಯ್ದು ಬಿಲ್ ಕಟ್ಟುತ್ತೇವೆ. ಒಂದು ಹಣಕಾಸು ವರ್ಷದಲ್ಲಿ ಕಾರ್ಡಿನ ಬಿಲ್ಲಿಗೆ ನಗದಾಗಿ 1 ಲಕ್ಷ, ಬೇರೆ ರೀತಿಯಲ್ಲಿ 10 ಲಕ್ಷ ಮುಟ್ಟಿದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಮಾಡುತ್ತದೆ. 28,000 ಸಂಬಳದವರ ಹೆಸರಿನಲ್ಲಿ ಅಂಥ ವರದಿ ಹೋದರೆ ಉತ್ತರ ಹೇಳಬೇಕಾದವರು ನೀವು, ಟಿವಿ ನೋಡುತ್ತಿರುವವರಲ್ಲ.

ನಿಮ್ಮ ವಿಷಯಕ್ಕೆ ಬರೋಣ. 28,000ದಲ್ಲಿ ಮನೆಗೆ ಕೊಡುವುದು, ಬಸ್ಸು, ಚೀಟಿ ಕಂತು ಇವೆಲ್ಲ ಕಾರ್ಡಿಗೆ ಬರುವುದಿಲ್ಲ. ಪೆಟ್ರೋಲ್, ವಿಮೆ, ವಾಲೆಟ್‌ಗೆ ಹಣ ತುಂಬುವುದು, ಚಿನ್ನ ಇವುಗಳಿಗೆ ಅನೇಕ ಕಾರ್ಡುಗಳು ಪಾಯಿಂಟ್ ಕೊಡುವುದಿಲ್ಲ. ಮನೆ ಬಾಡಿಗೆಯನ್ನು ಕಾರ್ಡಿನಲ್ಲಿ ಕಟ್ಟಿದರೆ ಎಷ್ಟೋ ಬ್ಯಾಂಕುಗಳು ಶೇ 1 ಶುಲ್ಕ ಹಾಕುತ್ತವೆ. ಕಾರ್ಡಿಗೆ ಬರುವ ಖರ್ಚು 9,000 ಎಂದಿಟ್ಟುಕೊಳ್ಳಿ. ನನ್ನ ಕಾರ್ಡಿನ ದರದಲ್ಲಿ ತಿಂಗಳಿಗೆ 90 ರೂಪಾಯಿ, ವರ್ಷಕ್ಕೆ 1,080. ಮೂವರ ಕಾಶಿ ಟಿಕೆಟ್ಟಿಗೆ ಎಷ್ಟು ವರ್ಷವೆಂದು ನೀವೇ ಲೆಕ್ಕ ಹಾಕಿ. ಅಷ್ಟರಲ್ಲಿ ಪಾಯಿಂಟಿನ ಬೆಲೆಯೂ ನಿಂತಲ್ಲಿ ನಿಂತಿರುವುದಿಲ್ಲ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿತು, ವಿಸ್ತಾರ 2024ರ ನವೆಂಬರ್ 12ಕ್ಕೆ ಏರ್ ಇಂಡಿಯಾದಲ್ಲಿ ವಿಲೀನವಾಯಿತು. ಆ ಹೆಸರಿನ ಕಾರ್ಡುಗಳನ್ನು ನೆಚ್ಚಿಕೊಂಡು ವರ್ಷಗಟ್ಟಲೆ ಕೂಡಿಸುತ್ತಿದ್ದವರು ಲೆಕ್ಕವನ್ನು ಮೊದಲಿನಿಂದ ಹಾಕಬೇಕಾಯಿತು. ಪಾಯಿಂಟ್ ಎಂದರೆ ಟೊಮೆಟೊ ಇದ್ದ ಹಾಗೆ, ಕೂಡಿಟ್ಟಷ್ಟೂ ನಷ್ಟ.

ಹಾಗೆಂದು ಕಾರ್ಡೇ ಬೇಡ ಎನ್ನುವುದಿಲ್ಲ. ವಾರ್ಷಿಕ ಶುಲ್ಕವಿಲ್ಲದ ಒಂದನ್ನು ತೆಗೆದುಕೊಳ್ಳಿ. ಬ್ಯಾಂಕು ಕೊಡಲು ಹಿಂದೇಟು ಹಾಕಿದರೆ ಸಣ್ಣ ಠೇವಣಿಯ ಆಧಾರದ ಮೇಲೆ ಕೊಡುವ ಕಾರ್ಡುಗಳಿವೆ. ರುಪೇ ಆದರೆ ಯುಪಿಐಗೆ ಜೋಡಿಸಿಕೊಳ್ಳಬಹುದು, ಅಂಗಡಿಯ ಕ್ಯೂಆರ್‌ಗೆ ನಡೆಯುತ್ತದೆ, ಸ್ನೇಹಿತರಿಗೆ ಕಳುಹಿಸಲು ನಡೆಯುವುದಿಲ್ಲ. ಉಳಿತಾಯ ಖಾತೆಯಿಂದ ಬಿಲ್ ತಾನಾಗಿಯೇ ಕಟ್ಟುವ ವ್ಯವಸ್ಥೆಯನ್ನು ಮೊದಲ ದಿನವೇ ಮಾಡಿಸಿ. ಅಲ್ಲಿ ‘ಕನಿಷ್ಠ ಮೊತ್ತ’, ‘ಪೂರ್ಣ ಮೊತ್ತ’ ಎಂದು ಎರಡು ಇರುತ್ತವೆ, ಪೂರ್ಣವನ್ನೇ ಗುರುತು ಹಾಕಿ. ಎಟಿಎಂನಲ್ಲಿ ಆ ಕಾರ್ಡಿನಿಂದ ಹಣ ತೆಗೆಯಬೇಡಿ, ತೆಗೆದ ಕ್ಷಣದಿಂದ ಬಡ್ಡಿ. ವಿಡಿಯೊದವರು ಹೇಳುವಂತೆ ನಾಲ್ಕೈದು ಕಾರ್ಡಿಗೆ ಒಟ್ಟಿಗೆ ಅರ್ಜಿ ಹಾಕಬೇಡಿ, ಪ್ರತಿ ಅರ್ಜಿಯೂ ನಿಮ್ಮ ಸಾಲದ ಇತಿಹಾಸ ಹೇಳುವ ಸಿಬಿಲ್ ವರದಿಯಲ್ಲಿ ದಾಖಲಾಗುತ್ತದೆ, ನಾಳೆ ಮನೆ ಸಾಲಕ್ಕೆ ಹೋದಾಗ ಅದನ್ನು ನೋಡುತ್ತಾರೆ. ಬೇಡವೆನಿಸಿದರೆ ಮುಚ್ಚಿಸಿ. ಬಾಕಿ ಇಲ್ಲದಿದ್ದರೆ ಕೋರಿಕೆ ಕೊಟ್ಟ 7 ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಕಾರ್ಡಿನ ಹೆಸರು ನಾನು ಹೇಳುವುದಿಲ್ಲ, ಇಂದಿನ ಒಳ್ಳೆಯ ಕಾರ್ಡಿನ ನಿಯಮ ಆರು ತಿಂಗಳಿಗೆ ಬದಲಾಗಿರುತ್ತದೆ.

ಕಾಶಿಯ ಮಾತು ಬೇರೆ. ತಂದೆ ತಾಯಿಗೆ ಕಾಶಿ ತೋರಿಸುವುದೇ ಗುರಿಯಾದರೆ ಪಾಯಿಂಟಿಗಾಗಿ ಕಾಯಬೇಡಿ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ದರ್ಶನ ರೈಲು ಶುರುವಾದಾಗ ಊಟ, ವಸತಿ ಸೇರಿದ ಎಂಟು ದಿನಗಳ ಯಾತ್ರೆಗೆ 20,000 ರೂಪಾಯಿ ಇತ್ತು, ಅದರಲ್ಲಿ 5,000 ರಾಜ್ಯ ಸರ್ಕಾರದ ಸಹಾಯಧನ. ಸಹಾಯಧನವೇ ತಲೆಗೆ 5,000! ನನ್ನ ಹದಿನೆಂಟು ತಿಂಗಳ ನಿವ್ವಳದ ಮೂರು ಪಟ್ಟು, ಯಾವ ಕಾರ್ಡನ್ನೂ ಉಜ್ಜದೆ. ಈಗಿನ ದರ, ದಿನಾಂಕಗಳನ್ನು ಐಆರ್‌ಸಿಟಿಸಿ ಮತ್ತು ಧಾರ್ಮಿಕ ದತ್ತಿ ಇಲಾಖೆಯ ತಾಣಗಳಲ್ಲಿ ನೋಡಿಕೊಳ್ಳಿ.

ವಿಮಾನದಲ್ಲೇ ಕೂರಿಸಬೇಕೆಂಬ ಆಸೆ ಇದ್ದರೆ, ಅದು ನನಗೂ ಇತ್ತು, ಹೋಗುವಾಗ ಮಾತ್ರ ವಿಮಾನ ಇಟ್ಟುಕೊಳ್ಳಿ. ಬೆಳಗಿನ ಜಾವದ ವಿಮಾನ ಅಗ್ಗವಾಗಿದ್ದರೆ ಹಿಂಜರಿಯಬೇಡಿ. ಜಯನಗರದವರು ನಡುರಾತ್ರಿ ಟ್ಯಾಕ್ಸಿಗೆ ಸಾವಿರಗಟ್ಟಲೆ ಕೊಟ್ಟು ಬರಬೇಕು, ನಮಗೆ ವಿಮಾನ ನಿಲ್ದಾಣ ಪಕ್ಕದ ತಾಲ್ಲೂಕು. ನನ್ನ ಅಮ್ಮ ಎಪ್ಪತ್ತು ವರ್ಷ ನೆಲದ ಮೇಲಿಂದ ನಂದಿ ಬೆಟ್ಟ ನೋಡಿದವರು, ವಿಮಾನ ಏರಿದಾಗ ಕಿಟಕಿಗೆ ಹಣೆ ಒತ್ತಿ ಅದನ್ನೇ ಹುಡುಕಿದರು. ಮೋಡವಿತ್ತು. ‘ಇಷ್ಟು ದುಡ್ಡು ಕೊಟ್ಟು ನಮ್ಮ ಬೆಟ್ಟವೇ ಕಾಣಲಿಲ್ಲವಲ್ಲ’ ಎಂದರು. ಪಾಯಿಂಟ್‌ನಲ್ಲಿ ಬಂದೆವು ಎಂದು ವಿವರಿಸಲು ಹೋಗಲಿಲ್ಲ.

ಬರುವಾಗ ಸಂಘಮಿತ್ರ ಎಕ್ಸ್‌ಪ್ರೆಸ್ ಹಿಡಿದೆವು. ಅದು ಕಾಶಿಗೆ ಬರುವುದಿಲ್ಲ, ಆಚೆಯ ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ, ಅಂದರೆ ಹಳೆಯ ಮೊಘಲ್‌ಸರಾಯ್‌ನಲ್ಲಿ ಹತ್ತಬೇಕು. ಹಿರಿಯ ನಾಗರಿಕರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತು, ಆ ಲೆಕ್ಕ ಹಿಡಿಯಬೇಡಿ. ಮುಂಗಡ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ, ಅರವತ್ತನೆಯ ದಿನ ಬೆಳಿಗ್ಗೆಯೇ ಕುಳಿತರೆ ಕೆಳಗಿನ ಬರ್ತ್ ಸಿಗುವ ಸಾಧ್ಯತೆ ಹೆಚ್ಚು. ಎರಡು ದಿನ ರೈಲಿನಲ್ಲಿ ಕೂರಬೇಕು ಎನ್ನುವುದು ನಿಜ. ಆದರೆ ಅಮ್ಮ ತಂದ ಹತ್ತು ಲೀಟರಿನ ಗಂಗಾಜಲದ ಕ್ಯಾನನ್ನು ಅಲ್ಲಿ ಯಾರೂ ತೂಕಕ್ಕೆ ಇಡಲಿಲ್ಲ.