ಫ್ರೈಡ್ ಪಿಕಲ್ಸ್ ಮೆತ್ತಗಾಗುವುದು ನೀರಿನಿಂದ

ಮಿಡಿಸೌತೆ ಪಿಕಲ್ (ಉಪ್ಪುನೀರಿನಲ್ಲಿ ನೆನೆಸಿಟ್ಟ ಸೌತೆ ಬಿಲ್ಲೆ) ಕರಿದರೆ ಹಿಟ್ಟು ಕಳಚಿಕೊಂಡು ಮೆತ್ತಗಾಗುತ್ತದೆ, ಏನು ಮಾಡಲಿ ಅಂತ ಕೇಳಿದ್ದೀರಿ. ತಪ್ಪು ಹಿಟ್ಟಿನದಲ್ಲ, ಬಿಲ್ಲೆಗಳಲ್ಲಿ ಉಳಿದ ಉಪ್ಪುನೀರಿನದು. ಬಾಟಲಿಯಿಂದ ತೆಗೆದ ಬಿಲ್ಲೆಗಳನ್ನು ಬಟ್ಟೆಯ ಮೇಲೆ ಹರಡಿ, ಇನ್ನೊಂದು ಬಟ್ಟೆಯಿಂದ ಚೆನ್ನಾಗಿ ಒತ್ತಿ, 15 ನಿಮಿಷ ಹಾಗೇ ಇಡಿ. ಈ ಕೆಲಸ ಮಾತ್ರ ತಪ್ಪಿಸಬೇಡಿ.

ಆಮೇಲೆ ಮೈದಾದಲ್ಲಿ ಹೊರಳಿಸಿ, ಮಜ್ಜಿಗೆಯಲ್ಲಿ ಅದ್ದಿ, ಮೆಕ್ಕೆಜೋಳದ ಹಿಟ್ಟು ಬೆರೆಸಿದ ಮೈದಾದಲ್ಲಿ ಮತ್ತೆ ಹೊರಳಿಸಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹೀಗೆ ಮಾಡುತ್ತಾರೆ. ಗರಿಗರಿ ಬರುವುದು ಆ ಮೆಕ್ಕೆಜೋಳದ ಹಿಟ್ಟಿನಿಂದಲೇ. ಹಿಟ್ಟಿಗೆ ಉಪ್ಪು ಬೇಡ, ಪಿಕಲ್‌ನಲ್ಲೇ ಜಾಸ್ತಿ ಇರುತ್ತದೆ ಅಲ್ವಾ?

ಎಣ್ಣೆ 190 ಡಿಗ್ರಿ ಸೆಲ್ಸಿಯಸ್ ಕಾದಿರಲಿ. ಒಂದು ಸಲಕ್ಕೆ ಏಳೆಂಟೇ ಬಿಲ್ಲೆ ಹಾಕಿ, ಎರಡು ನಿಮಿಷ ಸಾಕು. ತೆಗೆದದ್ದನ್ನು ತಟ್ಟೆಯಲ್ಲಿ ರಾಶಿ ಹಾಕದೆ ಜಾಲರಿಯ ಮೇಲಿಡಿ.