ಪೋಲಿಯೊ ಬಂದಿದ್ದ ಹುಡುಗಿ ಒಲಿಂಪಿಕ್ಸ್‌ನಲ್ಲಿ ಮೂರು ಚಿನ್ನ ಗೆದ್ದದ್ದು ನಿಜವೇ?

ನಿಜ. ಆಕೆ ಅಮೆರಿಕದ ಓಟಗಾರ್ತಿ ವಿಲ್ಮಾ ರುಡಾಲ್ಫ್. ನಮ್ಮ ವಿಜಯಪುರದ ಕಡೆ ಶಾಲಾ ಕ್ರೀಡಾಕೂಟದ ಭಾಷಣಗಳಲ್ಲಿ ಇವರ ಹೆಸರು ಬಂದರೂ "ಛಲದಿಂದ ಗೆದ್ದರು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಅವರ ತಾಯಿ ಪಟ್ಟ ಪಾಡು ಅದರಲ್ಲಿ ಬರುವುದೇ ಇಲ್ಲ, ನನಗೆ ಸಂಕಟವಾಗುವುದು ಅದಕ್ಕೆ.

ವಿಲ್ಮಾ ಹುಟ್ಟಿದ್ದು 1940ರಲ್ಲಿ, ದಿನ ತುಂಬುವ ಮೊದಲೇ. ತೂಕ ಸುಮಾರು ಎರಡು ಕಿಲೋ. 22 ಮಕ್ಕಳ ಬಡ ಮನೆಯಲ್ಲಿ 20ನೆಯವರು. ಪೋಲಿಯೊದಿಂದ ಎಡಗಾಲು ಸೋತಿತು. ಕಪ್ಪು ಜನರಿಗೆ ಚಿಕಿತ್ಸೆ ಸಿಗುವ ಆಸ್ಪತ್ರೆ ಇದ್ದದ್ದು ನ್ಯಾಶ್‌ವಿಲ್‌ನಲ್ಲಿ, ಅವರ ಊರಿನಿಂದ ಸುಮಾರು 80 ಕಿ.ಮೀ. ಆಚೆ, ಹೆಚ್ಚುಕಡಿಮೆ ಇಲ್ಲಿಂದ ಬಾಗಲಕೋಟೆಗೆ ಹೋದಷ್ಟು. ಬೇರೆಯವರ ಮನೆಗೆಲಸ ಮಾಡುತ್ತಿದ್ದ ತಾಯಿ ಬ್ಲಾಂಚ್, ವಾರವಾರ ಮಗಳನ್ನು ಬಸ್ಸಿನ ಹಿಂದಿನ ಸೀಟಿನಲ್ಲಿ (ಆಗ ಕಪ್ಪು ಜನರಿಗೆ ಅಲ್ಲೇ ಜಾಗ) ಕೂರಿಸಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ತಾಯಿ, ಅಣ್ಣ-ಅಕ್ಕಂದಿರು ಸರದಿಯಂತೆ ದಿನಕ್ಕೆ ನಾಲ್ಕು ಸಲ ಆ ಕಾಲನ್ನು ತಿಕ್ಕುತ್ತಿದ್ದರು. ಹನ್ನೆರಡು ವರ್ಷದ ಹೊತ್ತಿಗೆ ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟುವ ಪಟ್ಟಿ) ಕಳಚಿತು.

1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಿಲೇ ಕಂಚು, ಆಗ ವಯಸ್ಸು 16. 1960ರ ರೋಮ್‌ನಲ್ಲಿ 100 ಮೀ., 200 ಮೀ., 4×100 ಮೀ. ರಿಲೇ ಮೂರರಲ್ಲೂ ಚಿನ್ನ. ಊರವರು ಮೆರವಣಿಗೆ ಮಾಡುತ್ತೇವೆ ಎಂದಾಗ, ಕಪ್ಪು-ಬಿಳಿ ಎಲ್ಲರೂ ಜೊತೆಗಿದ್ದರೆ ಮಾತ್ರ ಬರುತ್ತೇನೆ ಎಂದು ಪಟ್ಟು ಹಿಡಿದರು. ಹಾಗೆಯೇ ನಡೆಯಿತು.